ಪಾರ್ಶ್ವವಾಯು ಆದ ಮೇಲೆ ಮತ್ತೆ ನಡೆಯಲು ಯಾವ ವ್ಯಾಯಾಮ, ಎಷ್ಟು, ಯಾವಾಗ? ಇಲ್ಲಿದೆ ಪೂರ್ಣ ಮಾಹಿತಿ

ಪಾರ್ಶ್ವವಾಯು ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲ ದಿನದಿಂದಲೇ ಕೇಳಿಬರುವ ಮಾತು ಒಂದೇ: "ನೀವು ಏಳಬೇಡಿ, ಸುಮ್ಮನೆ ಮಲಗಿ, ನಾವಿದ್ದೀವಲ್ಲ." ಊಟ ಮಂಚದ ಹತ್ತಿರವೇ ಬರುತ್ತದೆ, ನೀರಿನ ಲೋಟ ಕೈಗೇ ಬರುತ್ತದೆ. ಎಲ್ಲವೂ ಪ್ರೀತಿಯಿಂದ ಮಾಡುವ ಉಪಚಾರವೇ. ಆದರೆ ಎರಡು ಮೂರು ತಿಂಗಳು ಕಳೆದಾಗ ಕಾಲಿಗೆ ಅಷ್ಟಿಷ್ಟು ಸ್ವಾಧೀನ ಬಂದಿದ್ದರೂ ಹಾಲ್‌ನಿಂದ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ. "ಕಾಲು ಸರಿಯಾಗ್ತಿದೆ, ಶಕ್ತಿನೇ ಇಲ್ಲ" ಎಂದು ರೋಗಿ ಹೇಳುತ್ತಾರೆ. ಆ ಮಾತು ಅಕ್ಷರಶಃ ನಿಜ.

ಸ್ಟ್ರೋಕ್ ಅಥವಾ ಲಕ್ವ ಎಂದೂ ಕರೆಯುವ ಈ ಕಾಯಿಲೆಯ ನಂತರ ನಡಿಗೆ ಕುಂಠಿತವಾಗಲು ಕಾಲಿನ ದೌರ್ಬಲ್ಯ ಒಂದೇ ಕಾರಣವಲ್ಲ. ಹೃದಯ, ಶ್ವಾಸಕೋಶ ಮತ್ತು ಇಡೀ ದೇಹದ ದಮ್ಮು ಕುಸಿದಿರುವುದೂ ಅಷ್ಟೇ ದೊಡ್ಡ ಕಾರಣ. ಒಳ್ಳೆಯ ಸುದ್ದಿ ಏನೆಂದರೆ, ಆ ದಮ್ಮನ್ನು ತರಬೇತಿಯಿಂದ ಮತ್ತೆ ಗಳಿಸಬಹುದು. ಅದು ಹೇಗೆ ಎಂಬ ವಿವರ ಇಲ್ಲಿದೆ.

ಮುಖ್ಯಾಂಶಗಳು

* ಬಿರುಸಿನ ನಡಿಗೆ, ಸೈಕಲ್ ತುಳಿಯುವಂಥ ವ್ಯಾಯಾಮ ಸ್ಟ್ರೋಕ್ ನಂತರದ ನಡಿಗೆಯನ್ನು ಸುಧಾರಿಸುತ್ತದೆ.
* ಮೊದಲ 24 ಗಂಟೆಯಲ್ಲೇ ಅತಿಯಾಗಿ ಎಬ್ಬಿಸಿ ನಡೆಸುವುದು ಒಳ್ಳೆಯದಲ್ಲ.
* ಆರು ತಿಂಗಳು ಕಳೆದ ಮೇಲೂ ಸುಧಾರಣೆ ಸಾಧ್ಯ.
* ದುಬಾರಿ ಯಂತ್ರ ಅನಿವಾರ್ಯವಲ್ಲ. ಸರಿಯಾದ ಮಾರ್ಗದರ್ಶನ ಮತ್ತು ಸಾಕಷ್ಟು ಅಭ್ಯಾಸ ಅನಿವಾರ್ಯ.

ನಡೆದರೆ ಇಷ್ಟೊಂದು ಸುಸ್ತು ಯಾಕೆ?

ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಆ ಭಾಗದ ನರಕೋಶಗಳು ಸಾಯುತ್ತವೆ. ದೇಹದ ಒಂದು ಪಾರ್ಶ್ವದ ಕೈಕಾಲು ಬಲ ಕಳೆದುಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಗೊತ್ತಿಲ್ಲದ ಭಾಗ ಇನ್ನೊಂದಿದೆ. ಸ್ಟ್ರೋಕ್ ಆದವರ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ, ಅದೇ ವಯಸ್ಸಿನ ಆರೋಗ್ಯವಂತರ ಸಾಮರ್ಥ್ಯದ ಅರ್ಧದಷ್ಟಕ್ಕೆ ಇಳಿದಿರುವುದು ಸಾಮಾನ್ಯ. ಅದೇ ಸಮಯದಲ್ಲಿ ಕಾಲೆಳೆದುಕೊಂಡು ನಡೆಯುವಾಗ ದೇಹಕ್ಕೆ ಬೇಕಾಗುವ ಶಕ್ತಿ ಮಾಮೂಲಿ ನಡಿಗೆಯ ಎರಡು ಪಟ್ಟಿನವರೆಗೂ ಹೋಗಬಹುದು. ಅಂದರೆ ಆದಾಯ ಅರ್ಧವಾಗಿದೆ, ಖರ್ಚು ದುಪ್ಪಟ್ಟಾಗಿದೆ.

ಈ ಸ್ಥಿತಿಯಲ್ಲಿ ಯಾರೇ ಆದರೂ ನಡೆಯುವುದನ್ನು ಕಡಿಮೆ ಮಾಡುತ್ತಾರೆ. ನಡೆಯದಿದ್ದರೆ ಸ್ನಾಯು ಸೊರಗುತ್ತದೆ, ದಮ್ಮು ಇನ್ನೂ ಇಳಿಯುತ್ತದೆ, ಬಿಪಿ ಮತ್ತು ಶುಗರ್ ಹತೋಟಿ ತಪ್ಪುತ್ತದೆ. ಇವೆರಡೂ ಮತ್ತೊಂದು ಸ್ಟ್ರೋಕ್‌ಗೆ ದಾರಿ ಮಾಡಿಕೊಡುವ ಅಂಶಗಳು. ವ್ಯಾಯಾಮದ ಕೆಲಸ ಈ ಸುತ್ತನ್ನು ಮುರಿಯುವುದು.

ಅಧ್ಯಯನಗಳು ಏನು ಹೇಳುತ್ತವೆ?

ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ, ಸ್ಟ್ರೋಕ್ ಆದವರ ದೈಹಿಕ ತರಬೇತಿಯ ಬಗ್ಗೆ 2020ರಲ್ಲಿ ಪರಿಷ್ಕೃತ ವರದಿ ಪ್ರಕಟಿಸಿತು. 75 ಅಧ್ಯಯನಗಳು, 3 ಸಾವಿರಕ್ಕೂ ಹೆಚ್ಚು ಮಂದಿ. ಇವರಲ್ಲಿ ಬಹುತೇಕರು ಆಗಲೇ ಅಷ್ಟಿಷ್ಟು ನಡೆಯಬಲ್ಲವರಾಗಿದ್ದರು. ವರದಿ ಮೂರು ಬಗೆಯ ತರಬೇತಿಯನ್ನು ಪ್ರತ್ಯೇಕವಾಗಿ ನೋಡಿತು.

* ದಮ್ಮು ಹೆಚ್ಚಿಸುವ ವ್ಯಾಯಾಮ (ಬಿರುಸಿನ ನಡಿಗೆ, ಟ್ರೆಡ್‌ಮಿಲ್, ನಿಂತಲ್ಲೇ ತುಳಿಯುವ ಸೈಕಲ್): ದೇಹದ ಕ್ಷಮತೆ, ನಡಿಗೆಯ ವೇಗ, ದೂರ, ಸಮತೋಲನ ಎಲ್ಲದರಲ್ಲೂ ಸುಧಾರಣೆ. 6 ನಿಮಿಷದಲ್ಲಿ ನಡೆಯಬಲ್ಲ ದೂರ ಸರಾಸರಿ 30 ಮೀಟರ್‌ನಷ್ಟು ಹೆಚ್ಚಿತು. ಸಾಲಾಗಿ ನಿಂತ ಮೂರು ಸಿಟಿ ಬಸ್ಸುಗಳ ಉದ್ದ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.
* ಬಲವರ್ಧನೆ ವ್ಯಾಯಾಮ (ತೂಕ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆಯುವುದು): ಸ್ನಾಯುಬಲ ಮತ್ತು ಸಮತೋಲನ ಹೆಚ್ಚುತ್ತದೆ. ಆದರೆ ಇದೊಂದರಿಂದಲೇ ನಡಿಗೆ ಚುರುಕಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಕ್ಕಿಲ್ಲ.
* ಎರಡೂ ಸೇರಿದ ತರಬೇತಿ: ನಡಿಗೆಯಲ್ಲಿ ಸುಧಾರಣೆ ಇದೆ.

ಇದರಿಂದ ತಿಳಿಯಬೇಕಾದ್ದು ಸರಳ. ನಡಿಗೆ ಸುಧಾರಿಸಬೇಕಾದರೆ ನಡೆಯುವುದನ್ನೇ ಅಭ್ಯಾಸ ಮಾಡಬೇಕು. ಮಂಚದ ಮೇಲೆ ಮಲಗಿ ಕಾಲು ಮಡಚಿ ಚಾಚುವುದು ಆರಂಭಕ್ಕೆ ಸರಿ, ಅಲ್ಲೇ ನಿಂತರೆ ಸಾಲದು.

ಯಾವಾಗ ಶುರು ಮಾಡಬೇಕು?

"ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು" ಎಂಬ ನಂಬಿಕೆಯನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನ ಅವರ್ಟ್. 5 ದೇಶಗಳ 56 ಸ್ಟ್ರೋಕ್ ಘಟಕಗಳಲ್ಲಿ 2,104 ರೋಗಿಗಳ ಮೇಲೆ ನಡೆದ ಇದರ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 24 ಗಂಟೆಯೊಳಗೇ ಪದೇಪದೇ ಎಬ್ಬಿಸಿ ಕೂರಿಸಿ, ನಿಲ್ಲಿಸಿ, ನಡೆಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಶೇ. 46. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 50. ಅಂದರೆ ಆತುರ ಸ್ವಲ್ಪ ನಷ್ಟವನ್ನೇ ಮಾಡಿತು.

ಜರ್ಮನಿಯಲ್ಲಿ 200 ಮಂದಿಯ ಮೇಲೆ ನಡೆದು 2019ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಎಚ್ಚರಿಕೆ ಹೇಳುತ್ತದೆ. ಸ್ಟ್ರೋಕ್ ಆದ ಮೊದಲ ಕೆಲವು ವಾರಗಳಲ್ಲೇ ಟ್ರೆಡ್‌ಮಿಲ್ ಮೇಲೆ ದಮ್ಮಿನ ತರಬೇತಿ ಕೊಟ್ಟಾಗ, ವಿಶ್ರಾಂತಿ ತಂತ್ರಗಳನ್ನು ಕಲಿತ ಗುಂಪಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಗಂಭೀರ ತೊಂದರೆಗಳು ಮಾತ್ರ ಹೆಚ್ಚಾಗಿ ಕಂಡುಬಂದವು.

ಹಾಗೆಂದು ಮಲಗಿಸಿಯೇ ಇಡಬೇಕು ಎಂದು ಅರ್ಥವಲ್ಲ. ವೈದ್ಯರು ಒಪ್ಪಿದ ತಕ್ಷಣ ಹಾಸಿಗೆಯಲ್ಲಿ ಮಗ್ಗಲು ಬದಲಿಸುವುದು, ಎದ್ದು ಕೂರುವುದು, ನಿಲ್ಲುವುದು, ಆಸರೆ ಹಿಡಿದು ನಾಲ್ಕು ಹೆಜ್ಜೆ ಇಡುವುದು ಹಂತಹಂತವಾಗಿ ನಡೆಯಬೇಕು. ದಮ್ಮು ಕಟ್ಟಿಸುವ ತರಬೇತಿ ಮಾತ್ರ ಬಿಪಿ, ಹೃದಯದ ಸ್ಥಿತಿ ಸ್ಥಿರವಾದ ಮೇಲೆ, ವೈದ್ಯರ ಅನುಮತಿ ಪಡೆದೇ ಶುರುವಾಗಬೇಕು.

'ಆರು ತಿಂಗಳು ಕಳೆದರೆ ಮುಗಿಯಿತು' ನಿಜವೇ?

ಇಲ್ಲ. ಚೇತರಿಕೆಯ ವೇಗ ಮೊದಲ ಕೆಲವು ತಿಂಗಳಲ್ಲಿ ಹೆಚ್ಚು ಎನ್ನುವುದು ನಿಜ. ಆದರೆ ಆರು ತಿಂಗಳಿಗೆ ಬಾಗಿಲು ಮುಚ್ಚುವುದಿಲ್ಲ.

ಅಮೆರಿಕದಲ್ಲಿ 408 ಮಂದಿಯ ಮೇಲೆ ನಡೆದ ಲೀಪ್ಸ್ ಎಂಬ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಒಂದು ಗುಂಪಿಗೆ ದೇಹದ ಭಾರವನ್ನು ಪಟ್ಟಿಯಿಂದ ಎತ್ತಿ ಹಿಡಿಯುವ ವಿಶೇಷ ಟ್ರೆಡ್‌ಮಿಲ್ ತರಬೇತಿಯನ್ನು ಎರಡು ತಿಂಗಳಿಗೇ ಶುರು ಮಾಡಲಾಯಿತು. ಇನ್ನೊಂದು ಗುಂಪಿಗೆ ಅದೇ ತರಬೇತಿ ಆರು ತಿಂಗಳ ನಂತರ. ಮೂರನೇ ಗುಂಪಿಗೆ ಯಂತ್ರವೇ ಇಲ್ಲ. ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಬಲವರ್ಧನೆ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ನಂತರ ನೋಡಿದರೆ ಒಟ್ಟಾರೆ ಶೇ. 52 ಮಂದಿಯ ನಡಿಗೆ ಸಾಮರ್ಥ್ಯ ಮೇಲಿನ ಹಂತಕ್ಕೆ ಏರಿತ್ತು. ಮೂರು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ.

ಇದರಲ್ಲಿ ಎರಡು ಪಾಠಗಳಿವೆ. ತಡವಾಗಿ ಶುರು ಮಾಡಿದವರೂ ಹಿಂದೆ ಬೀಳಲಿಲ್ಲ. ಲಕ್ಷಾಂತರ ರೂಪಾಯಿಯ ಯಂತ್ರಕ್ಕೂ ಮನೆಯಲ್ಲಿ ಶಿಸ್ತಿನಿಂದ ಮಾಡಿಸಿದ ವ್ಯಾಯಾಮಕ್ಕೂ ಫಲಿತಾಂಶದಲ್ಲಿ ದೊಡ್ಡ ಅಂತರ ಇರಲಿಲ್ಲ. 'ರೋಬೋಟ್ ಚಿಕಿತ್ಸೆ', 'ವಿಶೇಷ ಪ್ಯಾಕೇಜ್' ಎಂಬ ಜಾಹೀರಾತು ನೋಡಿ ಸಾಲ ಮಾಡಲು ಹೊರಡುವ ಮುನ್ನ ಕುಟುಂಬದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ವಾರಕ್ಕೆ ಎಷ್ಟು ವ್ಯಾಯಾಮ ಬೇಕು?

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಸ್ಟ್ರೋಕ್ ಆದವರಿಗಾಗಿಯೇ ಪ್ರಕಟಿಸಿದ ಶಿಫಾರಸುಗಳ ಸಾರ ಹೀಗಿದೆ:

* ದಮ್ಮಿನ ವ್ಯಾಯಾಮ: ವಾರಕ್ಕೆ 3ರಿಂದ 5 ದಿನ, ದಿನಕ್ಕೆ 20ರಿಂದ 60 ನಿಮಿಷ. ಒಂದೇ ಸಲ ಆಗದಿದ್ದರೆ 10 ನಿಮಿಷದ ಕಂತುಗಳಲ್ಲಿ ಮಾಡಬಹುದು.
* ಬಲವರ್ಧನೆ: ವಾರಕ್ಕೆ 2ರಿಂದ 3 ದಿನ. 8ರಿಂದ 10 ಬಗೆಯ ವ್ಯಾಯಾಮ, ಪ್ರತಿಯೊಂದೂ 10ರಿಂದ 15 ಸಲ.
* ಸ್ನಾಯು ಹಿಗ್ಗಿಸುವುದು: ವಾರಕ್ಕೆ 2ರಿಂದ 3 ದಿನ. ಪ್ರತಿ ಸಲ 10ರಿಂದ 30 ಸೆಕೆಂಡ್ ಹಿಡಿಯಬೇಕು.
* ಸಮತೋಲನ ಮತ್ತು ಹೊಂದಾಣಿಕೆ: ವಾರಕ್ಕೆ 2ರಿಂದ 3 ದಿನ.

ಎಷ್ಟು ಜೋರಾಗಿ ಮಾಡಬೇಕು ಎನ್ನುವುದಕ್ಕೆ ಸುಲಭದ ಅಳತೆ ಮಾತು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ಹೊರಡದಿದ್ದರೆ ವೇಗ ತಗ್ಗಿಸಿ. ಸ್ಟ್ರೋಕ್‌ನಿಂದ ಮಾತಿಗೇ ತೊಂದರೆ ಆಗಿರುವವರಿಗೆ ಮುಖಭಾವ ಮತ್ತು ಉಸಿರಾಟ ನೋಡಿ ಅಂದಾಜು ಮಾಡಬೇಕು. ನಾಡಿಬಡಿತ ಎಣಿಸುವುದು ಎಲ್ಲರಿಗೂ ಹೊಂದುವುದಿಲ್ಲ. ಬಿಪಿ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಷ್ಟೇ ಶ್ರಮಪಟ್ಟರೂ ನಾಡಿ ಹೆಚ್ಚು ಏರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳು

ಇವು ಆಸರೆ ಹಿಡಿದಾದರೂ ನಿಲ್ಲಬಲ್ಲವರಿಗೆ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಮಾಡಿ.

1. ಕುರ್ಚಿಯಿಂದ ಏಳುವುದು, ಕೂರುವುದು: ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಬಲ ಕಡಿಮೆ ಇರುವ ಪಾದವನ್ನು ಸ್ವಲ್ಪ ಹಿಂದಕ್ಕೆ ಇಟ್ಟರೆ ಆ ಕಾಲಿನ ಮೇಲೂ ಭಾರ ಬೀಳುತ್ತದೆ. 5 ಸಲದಿಂದ ಶುರು ಮಾಡಿ 10ರಿಂದ 15ಕ್ಕೆ ಏರಿಸಿ.

2. ಹಿಮ್ಮಡಿ ಎತ್ತುವುದು: ಅಡುಗೆಮನೆ ಕಟ್ಟೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ.

3. ಪಕ್ಕದ ಹೆಜ್ಜೆ: ಅದೇ ಕಟ್ಟೆ ಹಿಡಿದು ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಹೆಜ್ಜೆ.

4. ಮೆಟ್ಟಿಲು ಹೆಜ್ಜೆ: ಕಂಬಿ ಹಿಡಿದು ಕೆಳಗಿನ ಒಂದೇ ಮೆಟ್ಟಿಲಿಗೆ ಕಾಲಿಟ್ಟು ಇಳಿಸುವುದು. ಪೂರ್ತಿ ಮೆಟ್ಟಿಲು ಹತ್ತುವ ಹಂತಕ್ಕೆ ಬಂದಾಗ ಒಂದು ನಿಯಮ ನೆನಪಿಡಿ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಬಲ ಕಡಿಮೆ ಇರುವ ಕಾಲು ಮೊದಲು.

5. ನಡಿಗೆ: ಕಟ್ಟಡದ ಕಾರಿಡಾರ್, ಟೆರೇಸ್, ಪಾರ್ಕಿಂಗ್ ಜಾಗ, ಸಮತಟ್ಟಾದ ಯಾವುದೇ ಸ್ಥಳ ಆದೀತು. ಆರಂಭದಲ್ಲಿ 2 ನಿಮಿಷ ನಡೆದು 1 ನಿಮಿಷ ಕೂರುವುದು, ಹೀಗೆ ನಾಲ್ಕೈದು ಸುತ್ತು. ವಾರ ಕಳೆದಂತೆ ನಡೆಯುವ ನಿಮಿಷ ಹೆಚ್ಚಿಸಿ, ಕೂರುವ ನಿಮಿಷ ಕಡಿಮೆ ಮಾಡಿ. ಮೊದಲು ಸಮಯ ಹೆಚ್ಚಲಿ, ವೇಗ ಆಮೇಲೆ.

ಯಾವ ವ್ಯಾಯಾಮದಲ್ಲೂ ಉಸಿರು ಬಿಗಿ ಹಿಡಿಯಬೇಡಿ. ಬಿಪಿ ದಿಢೀರ್ ಏರುತ್ತದೆ. ಜೋರಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಹರಿಯುತ್ತದೆ.

ಇದಕ್ಕಿಂತ ಬಿರುಸಿನ ತರಬೇತಿಯೂ ಇದೆ. ಸ್ವಲ್ಪ ಹೊತ್ತು ಸಾಧ್ಯವಾದಷ್ಟು ವೇಗವಾಗಿ ನಡೆದು ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುವ ವಿಧಾನವನ್ನು ಅಮೆರಿಕದಲ್ಲಿ 55 ಮಂದಿಯ ಮೇಲೆ 12 ವಾರ ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಧ್ಯಮ ವೇಗದ ನಡಿಗೆಗಿಂತ ಇದರಲ್ಲಿ ಹೆಚ್ಚು ದೂರ ನಡೆಯುವ ಸಾಮರ್ಥ್ಯ ಬಂತು. ಆದರೆ ಅವರೆಲ್ಲ ಮೊದಲೇ ಹೃದಯ ಪರೀಕ್ಷೆ ಮಾಡಿಸಿಕೊಂಡು, ತಜ್ಞರ ಕಣ್ಣೆದುರು ನಡೆದವರು. ಮನೆಯಲ್ಲಿ ಸ್ವಂತವಾಗಿ ಪ್ರಯೋಗ ಮಾಡುವಂಥದ್ದಲ್ಲ.

ಸುಧಾರಣೆ ಆಗುತ್ತಿದೆಯೇ? ಹೀಗೆ ಅಳೆಯಿರಿ

ಕಾರಿಡಾರ್‌ನಲ್ಲಿ 10 ಮೀಟರ್ (ಸುಮಾರು 33 ಅಡಿ) ಅಳೆದು ಎರಡು ಗೆರೆ ಎಳೆಯಿರಿ. ಮೊದಲ ಗೆರೆಗಿಂತ ಎರಡು ಮೀಟರ್ ಹಿಂದಿನಿಂದ ನಡಿಗೆ ಶುರುವಾಗಿ, ಎರಡನೇ ಗೆರೆ ದಾಟಿ ಎರಡು ಮೀಟರ್ ಮುಂದಕ್ಕೆ ಹೋಗಿ ನಿಲ್ಲಲಿ. ಗೆರೆಯಿಂದ ಗೆರೆಗೆ ಹಿಡಿದ ಸಮಯವನ್ನು ಮೊಬೈಲ್‌ನಲ್ಲಿ ನೋಡಿ.

* 25 ಸೆಕೆಂಡ್‌ಗಿಂತ ಹೆಚ್ಚು: ನಡಿಗೆ ಮನೆಯೊಳಗೆ ಸೀಮಿತ.
* 12.5ರಿಂದ 25 ಸೆಕೆಂಡ್: ಹೊರಗೆ ಹತ್ತಿರದ ಜಾಗಗಳಿಗೆ, ಮಿತಿಯಲ್ಲಿ ಓಡಾಟ.
* 12.5 ಸೆಕೆಂಡ್‌ಗಿಂತ ಕಡಿಮೆ: ಹೊರಗಿನ ಓಡಾಟಕ್ಕೆ ಸಾಕಷ್ಟು ಸಮರ್ಥ.

ತಜ್ಞರು 1995ರಿಂದ ಬಳಸುತ್ತಿರುವ ವರ್ಗೀಕರಣ ಇದು. ಎರಡು ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. 31 ಸೆಕೆಂಡ್ ಇದ್ದದ್ದು 27ಕ್ಕೆ ಬಂದರೆ ಕಣ್ಣಿಗೆ ಕಾಣದ ಸುಧಾರಣೆ ಅಂಕಿಯಲ್ಲಿ ಕಾಣುತ್ತದೆ. ಬೇಸರ ಬಂದು ಬಿಟ್ಟುಬಿಡುವ ಹೊತ್ತಿನಲ್ಲಿ ಆ ಅಂಕಿಯೇ ಮತ್ತೆ ಎಬ್ಬಿಸುತ್ತದೆ.

ಬೀಳದಂತೆ ಏನು ಮಾಡಬೇಕು?

ಸ್ಟ್ರೋಕ್ ಆದವರಿಗೆ ಬೀಳುವ ಅಪಾಯ ಹೆಚ್ಚು. ಒಮ್ಮೆ ಸೊಂಟದ ಮೂಳೆ ಮುರಿದರೆ ತಿಂಗಳುಗಳ ಶ್ರಮ ಹೋದಂತೆ.

* ಹವಾಯಿ ಚಪ್ಪಲಿ ಬೇಡ. ಪಾದ ಜೋತು ಬೀಳುವವರಿಗೆ ಅದು ಕಾಲಲ್ಲಿ ನಿಲ್ಲುವುದಿಲ್ಲ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಇರಲಿ.
* ಪಾದ ನೆಲಕ್ಕೆ ಉಜ್ಜುತ್ತಿದ್ದರೆ ಕಣಕಾಲಿಗೆ ಹಾಕುವ ಪ್ಲಾಸ್ಟಿಕ್ ಸ್ಪ್ಲಿಂಟ್ ಬಗ್ಗೆ ಫಿಸಿಯೋಥೆರಪಿಸ್ಟ್ ಬಳಿ ಕೇಳಿ.
* ಊರುಗೋಲು ಗಟ್ಟಿ ಇರುವ ಕೈಯಲ್ಲಿರಲಿ.
* ಪಂಚೆ, ಸೀರೆ, ನೈಟಿಯ ಅಂಚು ಕಾಲಿಗೆ ಸಿಕ್ಕದಂತೆ ಎತ್ತಿ ಕಟ್ಟಿ.
* ಬಾತ್‌ರೂಮಿನಲ್ಲಿ ಕಂಬಿ, ಜಾರದ ಮ್ಯಾಟ್ ಹಾಕಿಸಿ. ಹಾಲ್‌ನ ಕಾಲೊರಸು, ಅಡ್ಡ ಬಿದ್ದ ವೈರ್ ತೆಗೆಯಿರಿ.
* ಜೊತೆಗಿರುವವರು ಬಲ ಕಡಿಮೆ ಇರುವ ಕಡೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಸೊಂಟದ ಹತ್ತಿರ ಹಿಡಿಯಬೇಕು. ಸ್ವಾಧೀನ ಇಲ್ಲದ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಸಡಿಲಾಗಿ ನೋವು ಕಾಡುತ್ತದೆ.

ಈ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ

ಎದೆ ನೋವು ಅಥವಾ ಬಿಗಿತ, ತಲೆಸುತ್ತು, ಮಿತಿಮೀರಿದ ಏದುಸಿರು, ಎದೆ ಹೊಡೆದುಕೊಳ್ಳುವುದು, ತಣ್ಣನೆ ಬೆವರು ಕಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಾರದು, ಜೇಬಿನಲ್ಲಿ ಸಕ್ಕರೆ ಇರಲಿ. ಬಿಪಿ ಎಷ್ಟಿದ್ದರೆ ಆ ದಿನ ವ್ಯಾಯಾಮ ಬೇಡ ಎಂಬ ಮಿತಿಯನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ.

ಮುಖ ಸೊಟ್ಟಗಾಗುವುದು, ಕೈ ಅಥವಾ ಕಾಲು ಹೊಸದಾಗಿ ಸೋಲುವುದು, ಮಾತು ತೊದಲುವುದು ಮತ್ತೆ ಸ್ಟ್ರೋಕ್ ಆಗುತ್ತಿರುವ ಸೂಚನೆ. ಸಮಯ ನೋಡಿಕೊಂಡು 108 ಅಥವಾ 112ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

ಮನೆಯವರೇ ಮಾಡಿಸಿದರೆ ಸಾಕೇ?

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಭಾರತದಲ್ಲೇ. ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ ಅಟೆಂಡ್ ಅಧ್ಯಯನದಲ್ಲಿ ಕುಟುಂಬದವರಿಗೆ ತರಬೇತಿ ಕೊಟ್ಟು ಮನೆಯಲ್ಲಿ ಪುನರ್ವಸತಿ ವ್ಯಾಯಾಮ ಮಾಡಿಸಲಾಯಿತು. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಯಂತೆ ಇರಲಿಲ್ಲ. ಆರು ತಿಂಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಯಾಗಿಯೇ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಶೇ. 47ರಷ್ಟೇ ಇತ್ತು.

ಮನೆಯವರ ಶ್ರಮ ವ್ಯರ್ಥ ಎಂದು ಇದಕ್ಕೆ ಅರ್ಥ ಕಟ್ಟಬೇಕಿಲ್ಲ. ತಜ್ಞರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ ಎಂದು ಓದಿಕೊಳ್ಳಬಹುದು. ಲೀಪ್ಸ್ ಅಧ್ಯಯನದಲ್ಲೂ ಮನೆ ವ್ಯಾಯಾಮ ಫಲ ಕೊಟ್ಟಿತ್ತು, ಆದರೆ ಅಲ್ಲಿ ಫಿಸಿಯೋಥೆರಪಿಸ್ಟ್ ಜೊತೆಗಿದ್ದರು. ದಿನವೂ ತಜ್ಞರನ್ನು ಕರೆಸಲು ಹಣ ಸಾಲದಿದ್ದರೆ ಎರಡು ಮೂರು ವಾರಕ್ಕೊಮ್ಮೆಯಾದರೂ ತೋರಿಸಿ ವ್ಯಾಯಾಮದ ಮಟ್ಟ ಬದಲಿಸಿಕೊಳ್ಳುವುದು, ನಡುವಿನ ದಿನಗಳಲ್ಲಿ ಮನೆಯವರು ಮಾಡಿಸುವುದು ನಡುದಾರಿ.

ಊರಿಂದ ಅಪ್ಪ ಅಮ್ಮನನ್ನು ಮುಂಬೈ, ಪುಣೆ, ಚೆನ್ನೈ, ದೆಹಲಿಗೆ ಕರೆತಂದು ಚಿಕಿತ್ಸೆ ಕೊಡಿಸುವ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಥೆರಪಿಸ್ಟ್ ಹೇಳುವ ಹಿಂದಿ, ಮರಾಠಿ, ತಮಿಳು ಹಿರಿಯರಿಗೆ ಅರ್ಥವಾಗುವುದಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ. ಅನುಮತಿ ಕೇಳಿ ವ್ಯಾಯಾಮವನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. 'ಏಳಿ', 'ಭಾರ ಹಾಕಿ', 'ನಿಲ್ಲಿ' ಎಂಬ ನಾಲ್ಕಾರು ಕನ್ನಡ ಪದಗಳನ್ನು ಥೆರಪಿಸ್ಟ್‌ಗೂ ಬರೆದುಕೊಡಿ.

ಎಲ್ಲಿ ವಿಚಾರಿಸಬಹುದು?

ಮುಂಬೈನ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ, ಚೆನ್ನೈನ ಕೆ.ಕೆ. ನಗರದ ಸರ್ಕಾರಿ ಪುನರ್ವಸತಿ ವೈದ್ಯಕೀಯ ಸಂಸ್ಥೆ, ದೆಹಲಿಯ ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆ ಇರುವ ಸರ್ಕಾರಿ ಸಂಸ್ಥೆಗಳು. ಪುಣೆ, ಹೈದರಾಬಾದ್ ಸೇರಿದಂತೆ ಇತರ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಎಣ್ಣೆ ಮಸಾಜ್ ಮಾಡಿದರೆ ಸಾಲದೇ?
ಮಸಾಜ್‌ನಿಂದ ಹಿತ ಅನಿಸಬಹುದು. ಆದರೆ ದಮ್ಮು ಹೆಚ್ಚಲು, ನಡಿಗೆ ಕಲಿಯಲು ದೇಹ ತಾನೇ ಕೆಲಸ ಮಾಡಬೇಕು. ಮಸಾಜ್ ಇದ್ದರೂ ವ್ಯಾಯಾಮ ತಪ್ಪಬಾರದು.

ಯೋಗ ಮಾಡಬಹುದೇ?
2017ರ ಕಾಕ್ರೇನ್ ವರದಿಗೆ ಸಿಕ್ಕಿದ್ದು ಕೇವಲ 2 ಅಧ್ಯಯನ, 72 ಮಂದಿ. ನಡಿಗೆಗೆ ಲಾಭ ಇದೆ ಎಂದು ಖಚಿತವಾಗಿ ಹೇಳಲು ಅಷ್ಟು ಸಾಲದು. ಕುರ್ಚಿ ಮೇಲೆ ಮಾಡುವ ಸರಳ ಆಸನ, ಉಸಿರಾಟದ ಅಭ್ಯಾಸವನ್ನು ವೈದ್ಯರನ್ನು ಕೇಳಿ ಮಾಡಬಹುದು. ತಲೆಕೆಳಗಾಗುವ ಆಸನ, ಉಸಿರು ಬಿಗಿಹಿಡಿಯುವ ಕುಂಭಕ ಬೇಡ.

ನಿಲ್ಲಲೂ ಆಗದವರು ಏನು ಮಾಡಬೇಕು?
ಕುಳಿತಲ್ಲೇ ತುಳಿಯುವ ಪೆಡಲ್, ಕುರ್ಚಿ ವ್ಯಾಯಾಮದಿಂದ ಶುರು ಮಾಡಬಹುದು. ಆದರೆ ಹೆಚ್ಚಿನ ಅಧ್ಯಯನಗಳು ನಡೆಯಬಲ್ಲವರ ಮೇಲೆ ನಡೆದಿರುವುದರಿಂದ ಇವರಿಗೆ ತಜ್ಞರ ಯೋಜನೆ ಬೇಕೇ ಬೇಕು.

ಸುಧಾರಿಸಿದ ಮೇಲೆ ವ್ಯಾಯಾಮ, ಮಾತ್ರೆ ಬಿಡಬಹುದೇ?
ಬಿಟ್ಟರೆ ಗಳಿಸಿದ ದಮ್ಮು ಮತ್ತೆ ಇಳಿಯುತ್ತದೆ. ಬಿಪಿ, ಶುಗರ್, ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸುವಂತಿಲ್ಲ.

ಇಂದೇ ಶುರು ಮಾಡಬಹುದಾದದ್ದು ಒಂದಿದೆ. ಫಿಸಿಯೋಥೆರಪಿಸ್ಟ್ ನಿಲ್ಲಲು, ನಡೆಯಲು ಒಪ್ಪಿದ್ದರೆ ನೀರಿನ ಲೋಟವನ್ನು ಮಂಚದ ಪಕ್ಕದಿಂದ ಊಟದ ಟೇಬಲ್‌ಗೆ ಸರಿಸಿ. ಬಾಯಾರಿದಾಗ ಅಪ್ಪನೋ ಅಮ್ಮನೋ ಎದ್ದು ಅಲ್ಲಿಗೆ ಬರಲಿ, ನೀವು ಅರ್ಧ ಹೆಜ್ಜೆ ಹಿಂದೆ ಇರಿ.

(ಸೂಚನೆ: ಇದು ಸಾಮಾನ್ಯ ಮಾಹಿತಿ. ಯಾವುದೇ ವ್ಯಾಯಾಮ ಆರಂಭಿಸುವ ಮುನ್ನ ನಿಮ್ಮ ವೈದ್ಯರ ಸಲಹೆ ಪಡೆಯಿರಿ.)